ಶೇವಂತಕ್ಕನ ಬಲಗಡೆ

ಇದು ನಡೆದದ್ದು. ನಾನು ಆಣೆ ಪ್ರಮಾಣ ಮಾಡುವವನಲ್ಲ, ಮಾಡಿದರೂ ನೀವು ನಂಬುವವರಲ್ಲ. ಸಾಕ್ಷಿ ಬೇಕೆಂದರೆ ನನ್ನ ಕಂಪ್ಯೂಟರಿನಲ್ಲಿ ಹನ್ನೊಂದು ನಿಮಿಷದ ಒಂದು ಫೈಲು ಇದೆ, ಬಂದು ಕೇಳಿ. ಏನೂ ಕೇಳಿಸುವುದಿಲ್ಲ. ನನ್ನ ತಕರಾರೂ ಅದೇ.

ಮುಂಚೆ ನಾನು ಇಷ್ಟು ಮಾತಾಡುತ್ತಿರಲಿಲ್ಲ. ಈಗ ಊಟಕ್ಕೆ ಕೂತರೂ ಮಾತು, ಗಾಡಿ ಹೊಡೆಯುವಾಗಲೂ ಮಾತು. "ಒಂದ್ ಗಳಿಗಿ ಬಾಯಿಗೆ ಬೀಗ ಹಾಕ್ರಿ" ಎಂದು ಹೆಂಡತಿ ಬೈಯುತ್ತಾಳೆ. ಹಾಕಲಾರೆ. ಯಾಕೆಂದು ಅವಳಿಗೂ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ನನ್ನ ಹೆಸರು ಮಹಾಂತೇಶ. ಮೂಡಲಗಿಯಿಂದ ಕಲ್ಲೋಳಿ ಕಡೆ ಹೋಗುವ ರಸ್ತೆಗೆ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸ್ಟುಡಿಯೋ ಎಂದಕೂಡಲೇ ದೊಡ್ಡದೇನೋ ಅಂದುಕೊಳ್ಳಬೇಡಿ, ಒಂದು ಕಾಲದಲ್ಲಿ ಅದು ಬೆಲ್ಲದ ಗೋದಾಮು. ಬೆಲ್ಲ ಹೋಗಿ ಎಷ್ಟೋ ವರ್ಷವಾದರೂ ಇರುವೆಗಳು ಇನ್ನೂ ವಿಚಾರಿಸಿಕೊಂಡು ಹೋಗಲು ಬರುತ್ತವೆ. ಅದರೊಳಗೆ ಹಲಗೆ ಬಡಿದು ಆರಡಿ ಉದ್ದ, ಆರಡಿ ಅಗಲದ ಒಂದು ಕೋಣೆ ಮಾಡಿದ್ದೇನೆ. ಸದ್ದು ಹೀರಲೆಂದು ಅದರ ಗೋಡೆಗೆಲ್ಲ ಕುರುಬರ ಕಂಬಳಿ ಹೊಡೆದಿದ್ದೇನೆ. ಮಾತಾಡುವವರು ಆ ಕೋಣೆಯೊಳಗೆ ಮೈಕಿನ ಮುಂದೆ. ನಾನು ಹೊರಗೆ, ಗಾಜಿನ ಈಚೆ. ಭಜನೆ, ಲಗ್ನದ ಹಾಡು, ಅಂಗಡಿಯ ಜಾಹೀರಾತು, ಇದು ನನ್ನ ಹೊಟ್ಟೆಪಾಡು.

ಹುಕ್ಕೇರಿಯ ಪಾಟೀಲ ಸರ್ ನನಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಕಲಿಸಿದರು ಅಷ್ಟೇ, ನಾನು ಕಲಿಯಲಿಲ್ಲ. ನಿವೃತ್ತಿಯಾದ ಮೇಲೆ ಅವರು ಇಂಗ್ಲಿಷಿನ ಹಳೆಯದೊಂದು ಪ್ರೇಮದ ಹಾಸ್ಯನಾಟಕವನ್ನು ಹಿಡಿದುಕೊಂಡು ಕೂತರು. ಅಲ್ಲಿಯ ದಿವಾನಖಾನೆಯನ್ನು ಎತ್ತಿ ತಂದು ಗೋಕಾಕದ ಪಡಸಾಲೆಯಲ್ಲಿಟ್ಟರು, ಅವರ ಕೇಕಿನ ಜಾಗದಲ್ಲಿ ನಮ್ಮ ಕರದಂಟು ಇಟ್ಟರು, ಮಾತೆಲ್ಲ ನಮ್ಮ ಕಡೆಯದು ಮಾಡಿದರು. ಆಡಿಯೋ ಪುಸ್ತಕ ಮಾಡುವ ಕಂಪನಿಯೊಂದು ಒಪ್ಪಿಕೊಂಡೂ ಬಿಟ್ಟಿತು.

ಕಥೆ ಸಣ್ಣದು. ಒಬ್ಬ ಬಾಯಿಬಡಕ ಹುಡುಗ, ಒಬ್ಬಳು ಚುರುಕು ನಾಲಿಗೆಯ ಹುಡುಗಿ. ನಾಟಕದ ತುಂಬ ಇಬ್ಬರ ಜಗಳ. ಕೊನೆಗೆ ಅವಳು ಷರತ್ತು ಹಾಕುತ್ತಾಳೆ, ನೀನು ಬಾಯಿ ಮುಚ್ಚಿಕೊಂಡು ನನ್ನೆದುರು ನಿಂತು ತೋರಿಸು, ಆಗ ಒಪ್ಪುತ್ತೇನೆ ಎಂದು. ಅವನು ನಿಲ್ಲುತ್ತಾನೆ. ಅವಳು 'ಹೂಂ' ಎನ್ನುತ್ತಾಳೆ. ಮುಗಿಯಿತು.

ಹುಡುಗನ ಪಾತ್ರ ತಮ್ಮದೇ ಎಂದು ಪಾಟೀಲ ಸರ್ ಹಟ ಹಿಡಿದರು. ನಾನು ನಕ್ಕೆ. "ಕೇಳಾವ್ರಿಗೆ ನನ್ನ ಬೋಳ ತಲಿ ಕಾಣತೈತೇನಲೇ ಮಾಂತ್ಯಾ?" ಎಂದರು.

ಹುಡುಗಿಯ ಪಾತ್ರಕ್ಕೆ ಶೇವಂತಕ್ಕ.

ಗೋಕಾಕದ ಶೇವಂತಕ್ಕ ಹಳ್ಳಿ ನಾಟಕಗಳಿಗೆ ಹೆಣ್ಣು ಪಾತ್ರ ಮಾಡುತ್ತಿದ್ದವರು. ನಾಗನೂರು, ಧುಪದಾಳ, ಎಲ್ಲಿ ನಾಟಕ ಕಟ್ಟಿದರೂ ಬುಲಾವು ಬರುತ್ತಿತ್ತಂತೆ. ಈಗ ಅರವತ್ತು ದಾಟಿದೆ. ಮುಖ ಸುಕ್ಕಾದರೂ ದನಿ ಮಾತ್ರ ಹದಿನೆಂಟರ ಹುಡುಗಿಯದು. ಮೊದಲ ದಿನ ಹೆಡ್‌ಫೋನಿನಲ್ಲಿ ಕೇಳಿದಾಗ ನಾನು ತಲೆಯೆತ್ತಿ ಗಾಜಿನಾಚೆ ಇನ್ನೊಮ್ಮೆ ನೋಡಿದ್ದೆ.

ಆ ದನಿಗೆ ಆಗ ಉಳಿದದ್ದು ಆರೇ ದಿನ. ಗಂಟಲಲ್ಲಿ ಗಡ್ಡೆ. ಭಾನುವಾರ ಬೆಳಗಾವಿಯ ಆಸ್ಪತ್ರೆಗೆ ಸೇರಬೇಕು, ಸೋಮವಾರ ಆಪರೇಷನ್. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ ಎಂದು ಡಾಕ್ಟರರು ಮುಖಕ್ಕೆ ಮುಖ ಕೊಟ್ಟೇ ಹೇಳಿದ್ದರು. ಅದಕ್ಕೇ ಪಾಟೀಲ ಸರ್‌ಗೆ ಅಷ್ಟು ಅವಸರ. ಶೇವಂತಕ್ಕ ಇಷ್ಟು ವರ್ಷ ಕುಣಿದು ಕೂಗಿದ್ದರಲ್ಲಿ ಒಂದು ಅಕ್ಷರವೂ ಎಲ್ಲೂ ರೆಕಾರ್ಡ್ ಆಗಿರಲಿಲ್ಲ. ಆಗುವುದಿದ್ದರೆ ಇದೊಂದೇ.

ಕಬ್ಬಿನ ಸೀಸನ್ನು. ಹಗಲೆಲ್ಲ ನಮ್ಮ ರಸ್ತೆಯಲ್ಲಿ ಟ್ರ್ಯಾಕ್ಟರುಗಳ ಸಾಲು. ಒಂದೊಂದರ ಮೇಲೂ ಎದೆ ನಡುಗಿಸುವ ಸ್ಪೀಕರು. ಅವು ಖಾಲಿಯಾಗುವ ತನಕ ಕಾದು, ರಾತ್ರಿ ಹತ್ತರ ಮೇಲೆ ಕೆಲಸ ಸುರು ಮಾಡುತ್ತಿದ್ದೆವು. ಮಗಳು ಮಾದೇವಿ ತಾಯಿಯನ್ನು ಸ್ಕೂಟಿಯ ಮೇಲೆ ತಂದು ಬಿಟ್ಟು, ಗೋಕಾಕದ ನರ್ಸಿಂಗ್ ಹೋಮಿನ ರಾತ್ರಿ ಪಾಳಿಗೆ ಹೋಗುತ್ತಿದ್ದಳು.

ಮಂಗಳವಾರ, ಮೊದಲ ರಾತ್ರಿ. ಶೇವಂತಕ್ಕ ಕೋಣೆಯೊಳಗೆ ಕಾಲಿಟ್ಟವರೇ ಬಲಗಡೆ ಒಮ್ಮೆ ನೋಡಿ, ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು. ಅದರ ಮೇಲೇ ಹೆಡ್‌ಫೋನು. ಪಾಟೀಲ ಸರ್ ಇನ್ನೂ ಬಂದಿರಲಿಲ್ಲ, ನನಗೆ ತಮಾಷೆ ಅನ್ನಿಸಿತು. ಇಲ್ಲಿ ದೊಡ್ಡವರು ಯಾರಿದ್ದಾರಕ್ಕ, ನಾನು ನಿಮ್ಮ ಮಗನ ವಾರಿಗೆಯವನು ಎಂದೆ. ಅವರು ನಕ್ಕರು, ಸೆರಗು ಮಾತ್ರ ತೆಗೆಯಲಿಲ್ಲ.

ನಾಟಕದ ಹಾಳೆಗಳನ್ನು ಸ್ಟ್ಯಾಂಡಿನ ಮೇಲೆ ಇಟ್ಟಿದ್ದೆ. ಅವರು ಚಸ್ಮಾ ಏರಿಸಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುತ್ತ ಮಾತು ಹೇಳಿದರು. ಒಂದು ತಪ್ಪಿಲ್ಲ. ಗಾಜಿನ ಈಚೆ, ನನ್ನ ಪಕ್ಕ ಇನ್ನೊಂದು ಮೈಕಿನ ಮುಂದೆ ಕೂತ ಪಾಟೀಲ ಸರ್ ನಾಲ್ಕು ಸಲ ತೊದಲಿದರು, ಶೇವಂತಕ್ಕ ಒಮ್ಮೆಯೂ ಇಲ್ಲ.

ಒಂದೇ ತೊಂದರೆ. ಪ್ರತಿ ಮಾತಿಗೂ ಮುಂಚೆ ಅವರು ನಿಲ್ಲುತ್ತಿದ್ದರು. ಮೂರು ಸೆಕೆಂಡು... ನಾಲ್ಕು ಸೆಕೆಂಡು... ತಲೆಯನ್ನು ತುಸು ಬಲಕ್ಕೆ ವಾಲಿಸಿ, ಆಮೇಲೆ ಮಾತು. ಹಳೆಯ ನಾಟಕದವರು, ಜನ ನಗಲಿ ಎಂದು ಜಾಗ ಬಿಡುತ್ತಾರೆ, ಆಮೇಲೆ ಕತ್ತರಿಸಿದರಾಯಿತು ಎಂದುಕೊಂಡೆ.

ಗುರುವಾರ, ಮೂರನೆಯ ರಾತ್ರಿ, ಪಾಟೀಲ ಸರ್ ಮೂರನೆಯ ಅಂಕವನ್ನು ಹೊಸದಾಗಿ ಬರೆದುಕೊಂಡು ಬಂದರು. ಹುಕ್ಕೇರಿಯಿಂದ ಬರುವಾಗ ಬಸ್ಸಿನಲ್ಲೇ ಮುಗಿಸಿದ್ದು. ನಾನು ಟೈಪು ಮಾಡಿ, ಪ್ರಿಂಟು ತೆಗೆದು, ಬಿಸಿ ಆರುವ ಮುಂಚೆ ಶೇವಂತಕ್ಕನ ಕೈಗೆ ಕೊಟ್ಟೆ. ಅವರು ಹಾಳೆಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು. ಅದೇ ಬಿಡುವು, ಅದೇ ಸೊಗಸು. ಗಂಟೆಯಲ್ಲಿ ಅಂಕ ಮುಗಿಯಿತು. ಪಾಟೀಲ ಸರ್ ಅಂತೂ, ನೋಡಿದ ಕೂಡಲೇ ಇಷ್ಟು ಜೀವ ತುಂಬಿ ಓದುವವರನ್ನು ನಾನು ಕಂಡೇ ಇಲ್ಲ ಎಂದರು.

ಅವರು ಹೋದ ಮೇಲೆ ಕೋಣೆ ಗುಡಿಸಲು ಒಳಗೆ ಹೋದೆ. ಸ್ಟ್ಯಾಂಡಿನ ಮೇಲಿನ ಹಾಳೆ ನೋಡಿ ಕೈಯಲ್ಲಿದ್ದ ಕಸಬರಿಗೆ ಹಾಗೇ ನಿಂತಿತು.

ಅದು ನಾಟಕವೇ ಅಲ್ಲ. ಪ್ರಿಂಟರಿನ ಬಾಯಿಯಲ್ಲಿ ಎರಡು ಕಟ್ಟು ಇದ್ದವು. ಗಡಿಬಿಡಿಯಲ್ಲಿ ನಾನು ಕೊಟ್ಟದ್ದು ಕಲ್ಲೋಳಿಯ ಭಜನಾ ಮಂಡಳಿಯ ಹಾಡುಗಳ ಪಟ್ಟಿ. ನಾಟಕದ ಹಾಳೆಗಳು ಪ್ರಿಂಟರಿನಲ್ಲೇ ಇದ್ದವು. ಶೇವಂತಕ್ಕ ಒಂದು ತಾಸು ಭಜನೆಯ ಪಟ್ಟಿಯ ಮೇಲೆ ಬೆರಳಾಡಿಸುತ್ತ, ಆ ಸಂಜೆಯಷ್ಟೇ ಬರೆದ ನಾಟಕದ ಮಾತು ಹೇಳಿದ್ದರು.

ಮನುಷ್ಯನ ಬುದ್ಧಿ ನೋಡಿ, ಹೇಗಾದರೂ ಮಾಡಿ ಸಮಾಧಾನ ಹುಡುಕಿಕೊಳ್ಳುತ್ತದೆ. ಪಾಟೀಲ ಸರ್ ಫೋನಿನಲ್ಲಿ ಮೊದಲೇ ಓದಿ ಹೇಳಿರಬೇಕು ಎಂದುಕೊಂಡೆ. ಸರ್ ಅವರನ್ನು ಕೇಳಲಿಲ್ಲ. ಕೇಳಿದರೆ ಇಲ್ಲ ಎಂದಾರು ಎಂಬ ಹೆದರಿಕೆ.

ಶುಕ್ರವಾರ ರೆಕಾರ್ಡಿಂಗ್ ಇರಲಿಲ್ಲ. ರಾತ್ರಿ ಒಬ್ಬನೇ ಕೂತು ಎಡಿಟಿಂಗ್ ಮಾಡಿದೆ. ಹಾಸ್ಯನಾಟಕ ಕುದುರೆಯ ಹಾಗೆ ಓಡಬೇಕು, ಅದಕ್ಕೇ ಶೇವಂತಕ್ಕನ ಬಿಡುವುಗಳನ್ನೆಲ್ಲ ಕತ್ತರಿಸಿದೆ. ಕತ್ತರಿಸಿದ್ದನ್ನು ಎಸೆಯಲಿಲ್ಲ. ನಮ್ಮ ಕೆಲಸದಲ್ಲಿ ಕೋಣೆಯ ಖಾಲಿ ಸದ್ದು ಬೇಕಾಗುತ್ತದೆ, ಎಲ್ಲಾದರೂ ಮಾತು ಹರಿದರೆ ತೇಪೆ ಹಾಕಲು. ಹಾಗಾಗಿ ಬಿಡುವುಗಳನ್ನೆಲ್ಲ ಸಾಲಾಗಿ ಜೋಡಿಸಿ ಒಂದು ಫೈಲು ಮಾಡಿದೆ. ಹನ್ನೊಂದು ನಿಮಿಷ. 'ಖಾಲಿ' ಎಂದು ಹೆಸರಿಟ್ಟೆ.

ಪರೀಕ್ಷೆಗೆಂದು ಅದನ್ನು ಹಚ್ಚಿದೆ. ಹೆಡ್‌ಫೋನಿನಲ್ಲಿ ಏನೂ ಇಲ್ಲ, ಇರಬೇಕಾದದ್ದೂ ಹಾಗೆಯೇ. ಆದರೆ ಪರದೆಯ ಮೇಲೆ ಸದ್ದಿನ ಅಳತೆ ತೋರಿಸುವ ಹಸಿರು ಗೆರೆ ಏಳುತ್ತಿತ್ತು, ಇಳಿಯುತ್ತಿತ್ತು. ಫ್ಯಾನಿನ ಗುಂಯ್‌ ಆದರೆ ಗೆರೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಇದು ಏಳುತ್ತ... ತಡೆಯುತ್ತ... ಮತ್ತೆ ಏಳುತ್ತ... ಯಾರೋ ವಾಕ್ಯ ವಾಕ್ಯವಾಗಿ ಮಾತಾಡಿದಾಗ ಆಡುವ ಆಟ ಅದು. ಹತ್ತು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ, ನನಗೆ ಗೊತ್ತಾಗದೆ ಇರುತ್ತದೆಯೇ?

ವಾಲ್ಯೂಮು ಪೂರ್ತಿ ಏರಿಸಿದೆ. ಏನೂ ಇಲ್ಲ. ಆಗ ವಾಸನೆ ಬಂತು. ಹಿಂದೆ ಹಳ್ಳಿ ನಾಟಕಕ್ಕೆ ಹಚ್ಚುತ್ತಿದ್ದ ಸೀಮೆಎಣ್ಣೆಯ ಗ್ಯಾಸ್‌ಬತ್ತಿಯ ಬಿಸಿ ವಾಸನೆ, ಅದರ ಜೊತೆ ಎಲೆ-ತಂಬಾಕು. ನನ್ನ ಗೋದಾಮಿಗೆ ಗ್ಯಾಸ್‌ಬತ್ತಿ ಎಂದೂ ಬಂದಿಲ್ಲ, ತಂಬಾಕು ನಾನು ಮುಟ್ಟುವುದಿಲ್ಲ.

ಕಂಪ್ಯೂಟರ್ ಕೂಡ ಆರಿಸದೆ ಮನೆಗೆ ಓಡಿದೆ. ಅದರಲ್ಲಿ ನಾಚಿಕೆ ಏನಿಲ್ಲ.

ಶನಿವಾರ ಕೊನೆಯ ರಾತ್ರಿ. ಉಳಿದದ್ದು ಕೊನೆಯ ಅಂಕ, ಹದಿನೈದು ನಿಮಿಷದ್ದು. ಮಾದೇವಿ ಆವತ್ತು ರಜೆ ಹಾಕಿ ತಾನೂ ಉಳಿದಳು, ಬೆಳಿಗ್ಗೆ ಆರಕ್ಕೆ ಬೆಳಗಾವಿಗೆ ಹೊರಡಬೇಕಿತ್ತು.

ಶೇವಂತಕ್ಕ ಕೋಣೆಯೊಳಗೆ ಹೋದರು. ಬಲಗಡೆ ನೋಡಿದರು. ಸೆರಗಿಗೆ ಹೋದ ಕೈ ಅರ್ಧಕ್ಕೇ ನಿಂತಿತು. ಹೊದೆಯಲಿಲ್ಲ.

ನಾನು ಸುರು ಮಾಡಿ ಎಂದು ಸನ್ನೆ ಮಾಡಿದೆ. ಪಾಟೀಲ ಸರ್ ತಮ್ಮ ಮಾತು ಹೇಳಿದರು. ಶೇವಂತಕ್ಕ ತಲೆ ಬಲಕ್ಕೆ ವಾಲಿಸಿ ಕಾದರು. ಮೂರು ಸೆಕೆಂಡು... ಹತ್ತು... ಮೂವತ್ತು... ಮಾತಿಲ್ಲ. ಇನ್ನೊಮ್ಮೆ ಎಂದೆ. ಮತ್ತೆ ಅದೇ.

ಗಂಟಲು ನೋಯುತ್ತಿದೆಯೇ ಎಂದು ಸರ್ ಕೇಳಿದರು. ಅವರು ಇಲ್ಲವೆಂದು ತಲೆಯಾಡಿಸಿ ಮೆಲ್ಲಗೆ ಹೇಳಿದರು:

"ಮಾಸ್ತರ ಬಂದಿಲ್ಲರಿ."

ಯಾವ ಮಾಸ್ತರ? ನಾನು ಮಾದೇವಿಯ ಕಡೆ ನೋಡಿದೆ. ಅವಳ ಮುಖ ಬಿಳಿಚಿತ್ತು. ತನ್ನ ಅಪ್ಪ ದುಂಡಪ್ಪ ಮಾಸ್ತರ ನಾಟಕ ಕಲಿಸುವವರಾಗಿದ್ದರು, ಪರದೆಯ ಬಾಜೂ ಕತ್ತಲಲ್ಲಿ ನಿಂತು ಪಾತ್ರಧಾರಿಗಳಿಗೆ ಪಿಸುಮಾತಿನಲ್ಲಿ ಮಾತು ಎತ್ತಿಕೊಡುತ್ತಿದ್ದರು ಎಂದಳು. ಯಾವಾಗಲೂ ಬಲಗಡೆ. ಅವರು ತೀರಿಕೊಂಡು ಆರು ವರ್ಷವಾಗಿತ್ತು.

ಪಾಟೀಲ ಸರ್‌ಗೆ ಹೊತ್ತು ಮೀರುವ ಚಿಂತೆ. ಎದುರಿಗೆ ಹಾಳೆ ಇದೆಯಲ್ಲ ಶೇವಂತಕ್ಕ, ನೋಡಿಕೊಂಡು ಓದಿಬಿಡಿ ಎಂದರು.

ಶೇವಂತಕ್ಕ ಚಸ್ಮಾ ತೆಗೆದರು. ಹಾಳೆಯನ್ನು ಮಡಿಸಿ ಸ್ಟ್ಯಾಂಡಿನ ಮೇಲಿಟ್ಟರು.

"ನನಗ ಅಕ್ಷರ ಬರೂದಿಲ್ಲರಿ ಸರ. ಯಾರಿಗೂ ಹೇಳಿಲ್ಲ. ಹುಟ್ಟಿದಾಗಿಂದ ಒಂದ್ ಮಾತೂ ನಾ ಓದಿ ಹೇಳಿಲ್ಲ, ಎಲ್ಲಾ ಅವರು ಕೊಟ್ಟಿದ್ದ. ಇಲ್ಲೂ ದಿನಾ ಬರ್ತಿದ್ರು. ಇವತ್ತ ಯಾಕ ಬಂದಿಲ್ಲೋ..."

ನನಗೆ ಮೊದಲು ಹೊಳೆದದ್ದು ದೆವ್ವವಲ್ಲ, ಸೋಮವಾರ. ಓದಲು ಬಾರದ, ಬರೆಯಲು ಬಾರದ ಈ ಹೆಂಗಸಿಗೆ ನಾಡಿದ್ದು ದನಿಯೂ ಹೋದರೆ ಉಳಿಯುವುದೇನು? ಒಂದು ಲೋಟ ನೀರು ಬೇಕೆಂದರೂ ಕೈಸನ್ನೆಯೇ ಗತಿ. ಆ ಕೊನೆಯ ಅಂಕ ಅವರ ಪಾಲಿಗೆ ಎಂಥದ್ದೆಂದು ನನಗೆ ಅರ್ಥವಾದದ್ದು ಆವಾಗ.

ಪಾಟೀಲ ಸರ್ ತಾವೇ ಮಾತು ಎತ್ತಿಕೊಟ್ಟರು. ಶೇವಂತಕ್ಕ ಅದನ್ನು ಹಾಗೇ ಹೇಳಿದರು. ಆದರೆ ಆ ಹುಡುಗಿಯ ದನಿ ಇರಲಿಲ್ಲ. ಗಂಟಲಲ್ಲಿ ಗಡ್ಡೆಯಿರುವ ಮುದುಕಿಯೊಬ್ಬರು ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಮಾದೇವಿ ಪ್ರಯತ್ನಿಸಿದಳು. ಅದೂ ಅಷ್ಟೇ. ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು.

"ಇಷ್ಟ ವರ್ಷದಾಗ ಒಂದ್ ದಿನಾ ತಪ್ಪಿಸಿದಾವ್ರಲ್ಲ" ಎಂದು ಶೇವಂತಕ್ಕ ಮೈಕಿನ ಮುಂದೆ ನಿಂತಲ್ಲೇ ಅತ್ತರು. ಮೈಕು ಆನ್ ಇತ್ತು, ಆ ಅಳು ನನ್ನ ಕಿವಿಯೊಳಗೇ ಬಿತ್ತು.

ಆಗ ನನಗೆ ಹೊಳೆಯಿತು. ಮಾಸ್ತರರನ್ನು ಹೊರಗೆ ಹಾಕಿದವನು ನಾನು. ನಿನ್ನೆ ರಾತ್ರಿ, ಇದೇ ಕುರ್ಚಿಯ ಮೇಲೆ ಕೂತು, ಒಂದೊಂದೇ ಬಿಡುವನ್ನು ಕತ್ತರಿಸಿ...

ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಪಾಟೀಲ ಸರ್ ನನಗೇ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. 'ಖಾಲಿ' ಫೈಲನ್ನು ತೆರೆದು ಶೇವಂತಕ್ಕನ ಹೆಡ್‌ಫೋನಿಗೆ ಬಿಟ್ಟೆ.

ಅವರ ಅಳು ನಿಂತಿತು. ಬಲಗಡೆ ತಿರುಗಿದರು. ಅಲ್ಲಿರುವುದು ಕಂಬಳಿ ಹೊಡೆದ ಗೋಡೆ, ಬೇರೇನಿಲ್ಲ. ಅವರು ಕಣ್ಣೊರೆಸಿಕೊಂಡು, ನಿಧಾನಕ್ಕೆ, ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು.

ನಾನು ಸರ್‌ಗೆ ಸನ್ನೆ ಮಾಡಿದೆ. ಅವರು ತಮ್ಮ ಮಾತು ಹೇಳಿದರು. ಮೂರು ಸೆಕೆಂಡು ಬಿಡುವು. ಹಸಿರು ಗೆರೆ ಎದ್ದು ಇಳಿಯಿತು. ಶೇವಂತಕ್ಕನ ಬಾಯಿಂದ ಆ ಹುಡುಗಿ ಮಾತಾಡಿದಳು.

ಹಿಂದಿನ ಮೂರು ರಾತ್ರಿಗಳ ಬಿಡುವಿನಲ್ಲಿ ಈ ರಾತ್ರಿಯ ಮಾತು ಹೇಗೆ ಬಂತು ಎಂದು ನನ್ನನ್ನು ಕೇಳಬೇಡಿ. ಫೈಲು ಹನ್ನೊಂದು ನಿಮಿಷದ್ದು, ಅಂಕ ಹದಿನೈದು ನಿಮಿಷದ್ದು. ಫೈಲು ಮುಗಿದ ಮೇಲೂ ಅವರು ಹೇಳುತ್ತಲೇ ಇದ್ದರು. ಗೆರೆ ಆಡುತ್ತಲೇ ಇತ್ತು. ಹಿಂದೆ ನಿಂತಿದ್ದ ಮಾದೇವಿ ಮೂಗಿಗೆ ಓಡಣಿ ಒತ್ತಿಕೊಂಡಳು.

"ಅಪ್ಪಂದ ತಂಬಾಕ" ಎಂದಳು. ನಾನು ತಿರುಗಲಿಲ್ಲ.

ಕೊನೆಗೆ ಆ ಜಾಗ ಬಂತು. ಹುಡುಗ ಬಾಯಿ ಮುಚ್ಚಿ ನಿಂತಿದ್ದಾನೆ. ಪಾಟೀಲ ಸರ್ ಉಸಿರು ಹಿಡಿದು ಕೂತಿದ್ದರು. ಶೇವಂತಕ್ಕ ಬಲಕ್ಕೆ ವಾಲಿ ಕಾದರು... ಬಹಳ ಹೊತ್ತು ಕಾದರು... ಆ ಬಿಡುವನ್ನು ಆಮೇಲೆ ಅಳೆದು ನೋಡಿದ್ದೇನೆ, ಇಪ್ಪತ್ತೆರಡು ಸೆಕೆಂಡು.

"ಹೂಂ" ಎಂದರು.

ಅಷ್ಟು ಚೆಂದದ ಹೂಂ ನಾನು ಕೇಳಿಲ್ಲ. ನನ್ನ ಕಣ್ಣು ಒದ್ದೆಯಾಯಿತು, ಇದ್ದದ್ದು ಹೇಳುತ್ತೇನೆ. ಪಾಟೀಲ ಸರ್ ಚಪ್ಪಾಳೆ ತಟ್ಟಲು ಕೈ ಎತ್ತಿದರು. ಆದರೆ ಶೇವಂತಕ್ಕ ಇನ್ನೂ ಮುಗಿಸಿರಲಿಲ್ಲ. ಹೆಡ್‌ಫೋನು ತೆಗೆದು, ಗೋಡೆಯ ಕಡೆ ಮುಖ ಮಾಡಿ, ಮನೆಯೊಳಗಿನ ಸಣ್ಣ ದನಿಯಲ್ಲಿ ಹೇಳಿದರು:

"ಆತಲ್ಲ. ಇನ್ನ ನೀವು ಹೊರಡ್ರಿ. ನಾಳಿಂದ ನನಗ ಮಾತು ಬೇಕಾಗೂದಿಲ್ಲ."

ಅವರು ಹೊರಗೆ ಬಂದರು. ಮಾದೇವಿ ಅವರನ್ನು ತಬ್ಬಿಕೊಂಡಳು. ಮೂವರೂ ಅಂಗಳಕ್ಕೆ ಹೋದರು. ನಾನು ಮೈಕು ಆರಿಸಲು ಕೈ ಚಾಚಿದೆ. ಕೋಣೆ ಖಾಲಿ, ಬಾಗಿಲು ಹಾರುಹೊಡೆದಿತ್ತು. ಪರದೆಯ ಮೇಲೆ ಗೆರೆ ಇನ್ನೂ ಏಳುತ್ತ ಇಳಿಯುತ್ತ ಇತ್ತು. ಒಮ್ಮೆಲೇ ನಿಂತಿತು. ಮರುಗಳಿಗೆಯಲ್ಲಿ ತಂಬಾಕಿನ ವಾಸನೆ ಕೋಣೆಯ ಕಡೆಯಿಂದ ಅಲ್ಲ, ನನ್ನ ಪಕ್ಕದಿಂದ ಬಂತು.

ಆಪರೇಷನ್ ಆಯಿತು. ಜೀವ ಉಳಿಯಿತು. ಕತ್ತರಿಸಿದ ಬಿಡುವುಗಳನ್ನೆಲ್ಲ ನಾನು ವಾಪಸ್ ನಾಟಕಕ್ಕೆ ಸೇರಿಸಿದೆ. ನಾಟಕ ಎಳೆಯುತ್ತದೆ ಎಂದು ಕಂಪನಿಯವರು ಗೊಣಗಿದರು, ನಾನು ಕೇಳಲಿಲ್ಲ. ಪಾಟೀಲ ಸರ್ ಆ ರಾತ್ರಿಯ ವಿಷಯ ಎತ್ತಿದರೆ, ಆಕೆಗೆ ನಾಟಕ ಮೊದಲೇ ಪಾಠ ಇತ್ತು ಬಿಡು ಎನ್ನುತ್ತಾರೆ. ಹಾಗೆನ್ನುವಾಗ ನನ್ನ ಮುಖ ನೋಡುವುದಿಲ್ಲ.

ಮೂರು ವಾರ ಬಿಟ್ಟು ಗೋಕಾಕಕ್ಕೆ ಹೋದೆ, ಶೇವಂತಕ್ಕನಿಗೆ ನಾಟಕ ಕೇಳಿಸಲು. ಸಂಜೆ ಏಳಾಗಿತ್ತು. ಕುತ್ತಿಗೆಗೆ ಬಿಳಿ ಪಟ್ಟಿ, ಮಗ್ಗುಲಲ್ಲಿ ಒಂದು ಪಾಟಿ. ಅದರ ಮೇಲೆ ಡೊಂಕು ಡೊಂಕಾಗಿ ಅ, ಆ, ಇ. ಮಾದೇವಿ ಕಲಿಸುತ್ತಿದ್ದಾಳೆ. ನನ್ನನ್ನು ಕಂಡು ಶೇವಂತಕ್ಕನ ಮುಖ ಅರಳಿತು. ಮಗನ ಹಾಗೆ ಪಕ್ಕಕ್ಕೆ ಕೂರಿಸಿಕೊಂಡು, ಬರಿದಲೆಯಲ್ಲೇ ಕೂತು ಪೂರ್ತಿ ನಾಟಕ ಕೇಳಿದರು. ತಮ್ಮ ಮಾತು ಬಂದಾಗಲೆಲ್ಲ ತುಟಿ ಅಲ್ಲಾಡಿಸಿದರು. 'ಹೂಂ' ಬಂದಾಗ ಅತ್ತರು, ನಕ್ಕರು.

ಮುಗಿದ ಮೇಲೆ ನನಗೆ ಏನು ಹೇಳಬೇಕೆಂದು ತಿಳಿಯಲಿಲ್ಲ. ಹೇಗಿದೆಯಕ್ಕ ಎಂದು ಕೇಳಬೇಕು, ಬಾಯಿ ಕಟ್ಟಿತು. ಸುಮ್ಮನೆ ಕೂತೆ. ಮೂರು ಸೆಕೆಂಡು... ನಾಲ್ಕು ಸೆಕೆಂಡು...

ಶೇವಂತಕ್ಕನ ಕಣ್ಣು ನನ್ನ ಮುಖದಿಂದ ಸರಿಯಿತು. ನನ್ನ ಬಲ ಹೆಗಲಿನಾಚೆ ಹೋಗಿ ನಿಂತಿತು. ಅಲ್ಲಿ ಬರೀ ಗೋಡೆ ಇತ್ತು, ಬಾಗಿಲು ಎಡಕ್ಕೆ.

ಅವರು ಮೆಲ್ಲಗೆ ಕೈಯೆತ್ತಿ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು.

"ಯಾಕವ್ವ, ಯಾರ ಬಂದ್ರು?" ಎಂದು ಮಾದೇವಿ ಅಡುಗೆಮನೆಯಿಂದ ಕೇಳಿದಳು. ಶೇವಂತಕ್ಕ ಉತ್ತರ ಕೊಡುವ ಹಾಗಿರಲಿಲ್ಲ. ಪಾಟಿ ಎತ್ತಿಕೊಂಡರು, ಮೂರು ಅಕ್ಷರ ನೋಡಿದರು, ಕೆಳಗಿಟ್ಟರು. ಅವರಿಗೆ ನನ್ನನ್ನು ನೋಡಿ ಪಾಪ ಅನ್ನಿಸಿದ ಹಾಗಿತ್ತು.

ಗೋಕಾಕದಿಂದ ಮನೆಯ ತನಕ ಗಾಡಿಯ ಮೇಲೆ ಒಬ್ಬನೇ ಮಾತಾಡುತ್ತ ಬಂದೆ. ದಾರಿಯ ಕಬ್ಬಿನ ಗಾಡಿ, ಅಂಗಡಿಯ ಬೋರ್ಡು, ಬಾಯಿಗೆ ಬಂದದ್ದೆಲ್ಲ. ಅವತ್ತಿನಿಂದ ಹೀಗೇ. ಮಾತಿನ ನಡುವೆ ಬಿಡುವು ಕೊಡುವುದಿಲ್ಲ. ಕೊಟ್ಟರೆ ತುಂಬಲು ಕಾದು ನಿಂತವರು ಇದ್ದಾರೆ.

ಇದನ್ನು ಬರೆಯುವಾಗ ಒಂದು ಕಡೆ ಸಿಕ್ಕಿಹಾಕಿಕೊಂಡೆ. ಮುಂದಿನ ವಾಕ್ಯ ಏನು ಮಾಡಿದರೂ ಹೊಳೆಯಲಿಲ್ಲ, ಪೆನ್ನು ಹಿಡಿದು ಸುಮ್ಮನೆ ಕೂತೆ. ಸ್ವಲ್ಪ ಹೊತ್ತಿಗೆ ಸಿಕ್ಕಿತು, ಬರೆದೆ. ಅದು ಯಾವ ವಾಕ್ಯವೆಂದು ಹೇಳುವುದಿಲ್ಲ. ಹೆಂಡತಿ ಈಗಷ್ಟೇ ಒಳಗಿನಿಂದ ಬಂದು, ನೀವು ಯಾವಾಗಿನಿಂದ ತಂಬಾಕು ಹಾಕಲು ಸುರು ಮಾಡಿದಿರಿ ಎಂದು ಕೇಳಿ ಹೋದಳು.